ಪಹಣಿ ಇದ್ದವರಿಗೆ ಮಾತ್ರ ಬಾಯಿಯೇ?

ಸರಕಾರಿ ಕಚೇರಿಯ ಮೆಟ್ಟಿಲು ಹತ್ತಿದ ಬಡವನಿಗೆ ಎದುರಾಗುವ ಮೊದಲ ಪ್ರಶ್ನೆ ಯಾವುದೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ‘ನೀನ್ಯಾರು?’ ಎಂಬುದೇ ಆ ಪ್ರಶ್ನೆ. ಹಳ್ಳದ ಪಾತ್ರಕ್ಕೆ ಯಾರೋ ಮಣ್ಣು ತುಂಬಿಸುತ್ತಿದ್ದಾರೆ ಎಂದು ಹೇಳಲು ಹೋದರೆ, ‘ಆ ಸರ್ವೇ ನಂಬರು ನಿನ್ನ ಹೆಸರಿನಲ್ಲಿದೆಯೇ? ಪಹಣಿ ತಂದಿದ್ದೀಯಾ?’ ಎಂದು ಕೇಳುತ್ತಾರೆ. ಮಾರ್ಕೆಟಿನಲ್ಲಿ ಮಾಳಿಗೆಯೊಂದು ಎದ್ದು ಗಟಾರವೇ ಮುಚ್ಚಿಹೋಗಿದೆ ಎಂದರೆ, ‘ನೀನು ಬಾಡಿಗೆದಾರ, ಹೋಗಿ ನಿನ್ನ ಮಾಲಕನನ್ನು ಕಳಿಸು’ ಎನ್ನುತ್ತಾರೆ. ಪಾಳಿ ಬಿಟ್ಟು ಅರ್ಧ ದಿನದ ಪಗಾರ ಕಳೆದುಕೊಂಡು ಬಂದ ಕೆಲಸಗಾರ, ಅಂಗಡಿಯ ಬಾಗಿಲು ಹಾಕಿ ಬಂದ ವ್ಯಾಪಾರಿ, ಇಬ್ಬರೂ ಅಲ್ಲಿಂದಲೇ ತಿರುಗಿ ಹೋಗುತ್ತಾರೆ. ಕಡತ ಇದ್ದಲ್ಲೇ ಇರುತ್ತದೆ. ಮಣ್ಣಿನ ಲಾರಿ ಮಾತ್ರ ಓಡುತ್ತಿರುತ್ತದೆ.

ಈ ‘ನೀನ್ಯಾರು’ ಎಂಬುದಕ್ಕೆ ಕಾಯಿದೆಯಲ್ಲಿ ಸ್ಪಷ್ಟ ಉತ್ತರವಿದೆ. ಅದು ಅನೇಕ ಸಾಹೇಬರಿಗೆ ಹಿತವಾದ ಉತ್ತರವಲ್ಲ. ಆದ್ದರಿಂದಲೇ ಅದನ್ನು ಬಿಡಿಸಿ ಬರೆಯುತ್ತಿದ್ದೇವೆ.

ಆಡಳಿತದ ಅನ್ಯಾಯವನ್ನು ವಿಚಾರಿಸಲು ಸರಕಾರದಿಂದ ಬೇರೆಯಾದ ಒಬ್ಬ ಅಧಿಕಾರಿ ಇರಬೇಕೆಂಬ ಪದ್ಧತಿಯನ್ನು ಸ್ವೀಡನ್ ದೇಶದವರು 1809ರಲ್ಲೇ ತಂದರು. ಅವನನ್ನು ಅವರು ಓಂಬುಡ್ಸ್‌ಮನ್ ಎಂದು ಕರೆದರು. ನಮ್ಮಲ್ಲಿ 1966ರಲ್ಲಿ ಆಡಳಿತ ಸುಧಾರಣಾ ಆಯೋಗವು ಲೋಕಪಾಲ, ಲೋಕಾಯುಕ್ತ ಎಂಬ ಹೆಸರುಗಳಿಂದ ಅದನ್ನೇ ಶಿಫಾರಸು ಮಾಡಿತು. ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರವಿದ್ದಾಗ 1984ರ ಲೋಕಾಯುಕ್ತ ಕಾಯಿದೆ ಆಯಿತು. 1986ರಲ್ಲಿ ಅದು ಜಾರಿಗೆ ಬಂತು. ಮುಖ್ಯಮಂತ್ರಿಯಿಂದ ಹಿಡಿದು ಸ್ಥಳೀಯ ಸಂಸ್ಥೆಯ ಸದಸ್ಯನವರೆಗೆ, ಜಿಲ್ಲಾಧಿಕಾರಿಯಿಂದ ಹಿಡಿದು ಕಾರಕೂನನವರೆಗೆ ಎಲ್ಲರೂ ಅದರ ಹಿಡಿತದೊಳಗೆ ಬರುತ್ತಾರೆ. ನಗರಸಭೆ, ಗ್ರಾಮ ಪಂಚಾಯತಿ, ನಗರಾಭಿವೃದ್ಧಿ ಪ್ರಾಧಿಕಾರ ಯಾವುದೂ ಹೊರತಲ್ಲ. ಮನೆ ಕಟ್ಟಲು ಲೈಸೆನ್ಸು ಕೊಡುವವರು, ಗದ್ದೆಯನ್ನು ಬಿನ್‌ಶೇತ್ಕಿ ಮಾಡಿಕೊಡುವವರು, ಲೇಔಟಿನ ನಕ್ಷೆಗೆ ಮೊಹರು ಒತ್ತುವವರು ಇವರೇ ತಾನೇ?

ಯಾರು ದೂರು ಕೊಡಬಹುದು ಎಂಬುದು ಆ ಕಾಯಿದೆಯ 9ನೆಯ ಕಲಮಿನಲ್ಲಿದೆ. ‘ಯಾವನೇ ವ್ಯಕ್ತಿ’ ಎಂಬುದೇ ಅಲ್ಲಿನ ಮಾತು. ನಾವು ಕೆಲ ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವರು. ವಿಶೇಷಣವಿಲ್ಲದ ನಾಮಪದದ ಅರ್ಥ ಎಷ್ಟು ಅಗಲವೆಂಬುದು ನಮಗೆ ಗೊತ್ತು. ‘ಪಹಣಿ ಉಳ್ಳ ವ್ಯಕ್ತಿ’ ಎಂದು ಅಲ್ಲಿ ಬರೆದಿಲ್ಲ. ‘ಮನೆಪಟ್ಟಿ ತುಂಬುವ ವ್ಯಕ್ತಿ’ ಎಂದೂ ಇಲ್ಲ. ಬಿಣಗಾದ ಕಾರಖಾನೆಯಲ್ಲಿ ದುಡಿದು ಬಾಡಿಗೆ ಕೋಣೆಯಲ್ಲಿ ಮಲಗುವವನೂ ವ್ಯಕ್ತಿಯೇ. ದಾಂಡೇಲಿಯ ಕಾಗದದ ಗಿರಣಿಯ ಗುತ್ತಿಗೆ ಕೂಲಿಯೂ ವ್ಯಕ್ತಿಯೇ. ಕಾರವಾರದ ಭಾನುವಾರದ ಸಂತೆಯಲ್ಲಿ ಬುಟ್ಟಿ ಇಟ್ಟು ಕೂಡ್ರುವ ಹಾಲಕ್ಕಿ ಹೆಂಗಸೂ, ಬೈತಖೋಲದ ಮೀನುಗಾರನೂ ವ್ಯಕ್ತಿಗಳೇ.

ಆದರೆ ಕಾಯಿದೆ ಎಂಬುದು ಮುಂಬಾಗಿಲನ್ನು ತೆರೆದಿಟ್ಟು ಒಳಗೆ ಇನ್ನೆರಡು ಬಾಗಿಲು ಇಡುವ ಮನೆ. ಅವುಗಳ ಅಗುಳಿ ಎಲ್ಲಿದೆ ಎಂದು ತಿಳಿದುಕೊಂಡೇ ಒಳಗೆ ಹೋಗಬೇಕು.

ಈ ಕಾಯಿದೆ ದೂರುಗಳನ್ನು ಎರಡು ಜಾತಿ ಮಾಡಿದೆ. ಒಂದು ಕುಂದುಕೊರತೆ, ಇನ್ನೊಂದು ಆಪಾದನೆ. ಅಧಿಕಾರಿಯ ಅನ್ಯಾಯದ ನಡತೆಯಿಂದ, ಪಕ್ಷಪಾತದಿಂದ, ಬೇಕೆಂದೇ ಮಾಡಿದ ಅಲಕ್ಷ್ಯದಿಂದ, ವಿನಾಕಾರಣ ವಿಳಂಬದಿಂದ ನನಗೆ ಕಷ್ಟವಾಯಿತು ಎಂಬುದು ಕುಂದುಕೊರತೆ. ಅಧಿಕಾರಿ ಲಂಚ ತಿಂದ, ತನ್ನವರಿಗೆ ಒಲವು ತೋರಿದ, ಸ್ವಂತ ಲಾಭಕ್ಕೆ ಕುರ್ಚಿಯನ್ನು ಬಳಸಿದ ಎಂಬುದು ಆಪಾದನೆ. ಆಪಾದನೆಯನ್ನು ಯಾರೂ ಹೊರಿಸಬಹುದು, ಅದರಿಂದ ಅವನಿಗೆ ಒಂದು ಕಾಸಿನ ನಷ್ಟವಾಗಿರದಿದ್ದರೂ ಸರಿಯೇ. ಕುಂದುಕೊರತೆಯನ್ನು ಮಾತ್ರ ಕಷ್ಟಪಟ್ಟವನೇ ಹೇಳಬೇಕು. ಅವನು ತೀರಿಹೋಗಿದ್ದರೆ ಅಥವಾ ಕೈಲಾಗದವನಾಗಿದ್ದರೆ ಅವನ ವಾರಸುದಾರರು, ಇಲ್ಲವೆ ಅವನು ಲಿಖಿತವಾಗಿ ಒಪ್ಪಿಗೆ ಕೊಟ್ಟ ಬೇರೊಬ್ಬರು ಹೇಳಬಹುದು.

ಕದ್ವಾಡವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಕಾಳಿಯ ದಂಡೆಯ ಊರು. ಅಲ್ಲಿಂದ ಅಂಕೋಲೆಯ ಗಂಗಾವಳಿ ದಂಡೆಯ ತನಕ, ಭರತಿ ಬಂದಾಗ ಏರುವ ನೀರಿಗೂ ಆಷಾಢದ ಮಳೆಯ ನೀರಿಗೂ ಜಾಗ ಬಿಟ್ಟುಕೊಟ್ಟೇ ನಮ್ಮ ಹಿರಿಯರು ಗದ್ದೆ, ಗಜನಿ, ಕಟ್ಟೆ, ಹಳ್ಳಗಳನ್ನು ಇಟ್ಟುಕೊಂಡಿದ್ದರು. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳ ಮನೆಗಳೊಳಗೆ ನೀರು ಹೊಕ್ಕದ್ದನ್ನು ಯಾರೂ ಮರೆತಿಲ್ಲ. ಈಗ ಇಂಥ ಊರಿನಲ್ಲಿ ಸಾವಕಾರನೊಬ್ಬ ತಗ್ಗಿನ ಗದ್ದೆಗೆ ಆಳೆತ್ತರ ಮಣ್ಣು ತುಂಬಿಸಿ ಸೈಟು ಹಂಚಲು ಹೊರಟನೆಂದು ಭಾವಿಸೋಣ. ಬಿನ್‌ಶೇತ್ಕಿ ಆಯಿತು, ನಕ್ಷೆಗೆ ಮಂಜೂರಿ ಸಿಕ್ಕಿತು, ಪಂಚಾಯತಿಯಲ್ಲಿ ಠರಾವಾಯಿತು. ಮಳೆಗಾಲದಲ್ಲಿ ನೀರು ಆ ಗದ್ದೆಯಲ್ಲಿ ನಿಲ್ಲುವ ಬದಲು ಪಕ್ಕದ ಕೇರಿಯ ಒಲೆಯಲ್ಲಿ ನಿಲ್ಲುತ್ತದೆ. ಕೇರಿಯವರ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ.

ಸಾವಕಾರನಿಗೆ ಮಂಜೂರಿ ಸಿಗದೇ ಹೋಗಿದ್ದರೆ ಏನಾಗುತ್ತಿತ್ತು? ಅವನಿಗೆ ನೋಟೀಸು ಬರುತ್ತಿತ್ತು, ಆದೇಶದ ಪ್ರತಿ ಬರುತ್ತಿತ್ತು, ಅವನ ವಕೀಲ ಮೇಲ್ಮನವಿ ಹಾಕುತ್ತಿದ್ದ. ಮಂಜೂರಿ ಸಿಕ್ಕಿದ್ದರಿಂದ ಮುಳುಗಿದ ಕೇರಿಗೆ? ಅರ್ಜಿ ಬಂದದ್ದೂ ತಿಳಿಯಲಿಲ್ಲ, ಆದೇಶವಾದದ್ದೂ ತಿಳಿಯಲಿಲ್ಲ. ಲಾರಿ ಬಂದಾಗ ತಿಳಿಯಿತು. ಇಡೀ ಯೋಜನಾ ವ್ಯವಸ್ಥೆಯ ರಹಸ್ಯ ಇಷ್ಟೇ: ಕಟ್ಟುವವನು ಅಲ್ಲಿ ಕಕ್ಷಿದಾರ, ಪಕ್ಕದಲ್ಲಿ ಬದುಕುವವನು ಪ್ರೇಕ್ಷಕ.

ಈ ಕೇರಿಯವರು ಲೋಕಾಯುಕ್ತರಿಗೆ ದೂರು ಕೊಡಬಹುದೇ? ನಿಸ್ಸಂದೇಹವಾಗಿ ಕೊಡಬಹುದು. ಕಷ್ಟ ಅನುಭವಿಸಿದವನು ಜಮೀನಿನ ಒಡೆಯನಾಗಿರಬೇಕೆಂದು ಕಾಯಿದೆ ಹೇಳುವುದಿಲ್ಲ. ಆದರೆ ಇಲ್ಲಿಯೇ 8ನೆಯ ಕಲಮು ಅಡ್ಡ ಬರುತ್ತದೆ. ದೂರುದಾರನಿಗೆ ಅಪೀಲು, ಪುನರ್ವಿಮರ್ಶೆ ಅಥವಾ ಬೇರೆ ಕೋರ್ಟು ಕಚೇರಿಯಲ್ಲಿ ಪರಿಹಾರದ ದಾರಿ ಇದ್ದು ಅವನು ಅದನ್ನು ಬಳಸದೇ ಇದ್ದರೆ, ಅವನ ಕುಂದುಕೊರತೆಯನ್ನು ಲೋಕಾಯುಕ್ತರು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಅಧಿಕಾರಿಗಳ ಪರವಾಗಿ ಮಾತನಾಡುವವರಿಗೆ ಇದು ಬ್ರಹ್ಮಾಸ್ತ್ರ. ‘ಹೈಕೋರ್ಟು ಇದೆಯಲ್ಲ, ಅಲ್ಲಿಗೆ ಹೋಗಲಿ’ ಎನ್ನುತ್ತಾರೆ. ಕದ್ವಾಡದ ಕೂಲಿಕಾರ ಗಟ್ಟ ಹತ್ತಿ ಧಾರವಾಡದ ಪೀಠಕ್ಕೆ ಹೋಗಿ ವಕೀಲರನ್ನಿಟ್ಟು ರಿಟ್ಟು ಹಾಕಬೇಕಂತೆ! ಕಡಲು ದಾಟಬಲ್ಲವನಿಗೆ ದೋಣಿ ಏಕೆ ಬೇಕು ಎಂದು ಕೇಳಿದ ಹಾಗಾಯಿತು ಇದು.

ಇಂಗ್ಲೆಂಡಿನಲ್ಲಿ ಈ ತೊಡಕನ್ನು ಹೇಗೆ ಬಿಡಿಸಿದ್ದಾರೆ ನೋಡಿ. ಅಲ್ಲಿ 1974ರ ಕಾಯಿದೆಯಿಂದ ಸ್ಥಳೀಯ ಸಂಸ್ಥೆಗಳಿಗೆಂದೇ ಓಂಬುಡ್ಸ್‌ಮನ್ ಬಂದ. ಮೊದಮೊದಲು ಅಲ್ಲಿಯೂ ದೂರನ್ನು ಕೌನ್ಸಿಲರನ ಮೂಲಕವೇ ಕಳಿಸಬೇಕಿತ್ತು. ಕಳ್ಳನ ಮೇಲಿನ ಫಿರ್ಯಾದನ್ನು ಕಳ್ಳನ ಭಾವನ ಕೈಯಲ್ಲಿ ಕೊಟ್ಟು ಕಳಿಸುವ ಪದ್ಧತಿ ಎನ್ನೋಣ. 1988ರಲ್ಲಿ ಆ ಕಟ್ಟು ತೆಗೆದುಹಾಕಿ ಜನರೇ ನೇರವಾಗಿ ಬರೆಯಲು ಅವಕಾಶ ಕೊಟ್ಟರು. ಮನೆ ಕಟ್ಟಲು ಅರ್ಜಿ ಹಾಕಿ ಸೋತವನಿಗೆ ಅಲ್ಲಿ ಅಪೀಲಿನ ದಾರಿಯಿದೆ. ಹಾಗಾಗಿ ಓಂಬುಡ್ಸ್‌ಮನ್ ಸಾಮಾನ್ಯವಾಗಿ ಅವನನ್ನು ಅಪೀಲಿಗೇ ಕಳಿಸುತ್ತಾನೆ. ನೆರೆಯವನಿಗೆ ಅಪೀಲಿಲ್ಲ. ಆದ್ದರಿಂದ ಓಂಬುಡ್ಸ್‌ಮನ್ನನ ಬಾಗಿಲು ನೆರೆಯವನದೇ ಬಾಗಿಲಾಯಿತು. ಅವನು ಆ ಕಟ್ಟಡ ಬೇಕೇ ಬೇಡವೇ ಎಂದು ತೀರ್ಪು ಕೊಡುವುದಿಲ್ಲ. ಅಧಿಕಾರಿ ಸ್ಥಳಕ್ಕೆ ಹೋಗಿ ನೋಡಿದ್ದನೇ, ನೆರೆಯವರ ತಕರಾರನ್ನು ಓದಿದ್ದನೇ, ಅದನ್ನು ಸಭೆಯ ಮುಂದೆ ಇಟ್ಟಿದ್ದನೇ ಎಂದು ಕೇಳುತ್ತಾನೆ. ನಮ್ಮ ಬೇಡಿಕೆಯೂ ಅಷ್ಟೇ. ಕೇರಿಯವರಿಗೆ ನೋಟೀಸೇ ಬಾರದ ಆದೇಶದ ಮೇಲೆ ‘ನೀವು ಅಪೀಲು ಹಾಕಲಿಲ್ಲ’ ಎಂದು 8ನೆಯ ಕಲಮನ್ನು ಅವರ ಮುಖಕ್ಕೆ ಹಿಡಿಯಬಾರದು.

ನಮ್ಮ ದೇಶದ ಅತ್ಯುಚ್ಚ ನ್ಯಾಯಾಲಯವೇ ಈ ‘ನೀನ್ಯಾರು’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟಾಗಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಮುಖ್ಯಮಂತ್ರಿಯ ನಿರ್ದೇಶನದ ಮೇರೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಿತು. ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ನಿಮಗೇನು ಅಧಿಕಾರ ಎಂಬ ತಕರಾರು ಅಲ್ಲಿಯೂ ಎದ್ದಿತು. ಉದ್ಯಾನದ ಜಾಗ ಅವರಲ್ಲಿ ಯಾರ ಹೆಸರಿನಲ್ಲೂ ಇರಲಿಲ್ಲವಷ್ಟೇ. 1991ರಲ್ಲಿ ಸುಪ್ರೀಂ ಕೋರ್ಟು ಆ ತಕರಾರನ್ನು ತಳ್ಳಿಹಾಕಿತು. ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂದು ಹೇಳಿ ಆ ಮಂಜೂರಿಯ ರದ್ದತಿಯನ್ನು ಎತ್ತಿಹಿಡಿಯಿತು. ಬಡಾವಣೆಯ ಬಂಗಲೆಯವರಿಗೆ ಇರುವ ಹಕ್ಕು ಕೇರಿಯ ಹಂಚಿನ ಮನೆಯವರಿಗೆ ಇಲ್ಲವೆಂದು ಹೇಳುವ ಧೈರ್ಯ ಯಾವ ಅಧಿಕಾರಿಗಿದೆ? ಇದ್ದರೆ ಬರೆದು ಕೊಡಲಿ, ಅದೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುತ್ತೇವೆ.

ಇನ್ನು ಅವಧಿಯ ಮಾತು. ಕುಂದುಕೊರತೆಯ ದೂರಿಗೆ ಆರು ತಿಂಗಳು, ಆಪಾದನೆಗೆ ಐದು ವರ್ಷ. ಆಪಾದನೆಯ ಐದು ವರ್ಷ ಕೃತ್ಯ ನಡೆದಾಗಿನಿಂದ ಲೆಕ್ಕ. ಆದರೆ ಕುಂದುಕೊರತೆಯ ಆರು ತಿಂಗಳು ಆದೇಶವಾದ ದಿನದಿಂದಲ್ಲ, ದೂರುದಾರನಿಗೆ ಅದು ತಿಳಿದ ದಿನದಿಂದ. ಕಾರಕೂನರು ಈ ವ್ಯತ್ಯಾಸವನ್ನು ಹೇಳಿಕೊಡುವುದಿಲ್ಲ. ‘ಇದು ಎರಡು ವರ್ಷ ಹಿಂದಿನ ಆದೇಶ, ಮುಗಿದ ಕಥೆ’ ಎಂದು ಹೆದರಿಸಿ ಕಳಿಸುತ್ತಾರೆ. ನಿಮಗೆ ಲಾರಿ ಬಂದ ದಿನ ತಿಳಿದಿದ್ದರೆ ಲೆಕ್ಕ ಆ ದಿನದಿಂದಲೇ. ತಕ್ಕ ಕಾರಣವಿದ್ದರೆ ತಡವಾದ ದೂರನ್ನೂ ತೆಗೆದುಕೊಳ್ಳುವ ಅಧಿಕಾರ ಲೋಕಾಯುಕ್ತರಿಗಿದೆ.

ಸುಳ್ಳು ದೂರಿಗೆ ಜೈಲು ಎಂಬ ಬೆದರಿಕೆಯನ್ನೂ ನಮ್ಮ ಬಂಧುಗಳು ಕೇಳಿರಬಹುದು. ಅಂಥ ಕಲಮು ಇರುವುದು ನಿಜ. ಅದು ಸುಳ್ಳೆಂದು ಗೊತ್ತಿದ್ದೂ ದುರುದ್ದೇಶದಿಂದ ದೂರು ಕೊಟ್ಟವನಿಗಾಗಿ ಇರುವ ಕಲಮು. ಕಂಡದ್ದನ್ನು ಕಂಡಂತೆ ಬರೆದು, ಕೊನೆಗೆ ರುಜುವಾತು ಸಾಲದೇ ಹೋದವನಿಗೆ ಅದು ತಾಗುವುದಿಲ್ಲ. ಆದ್ದರಿಂದ ಲಂಚ ಕೊಟ್ಟದ್ದನ್ನು ಕಣ್ಣಾರೆ ಕಾಣದೇ ‘ಲಂಚ ತಿಂದಿದ್ದಾರೆ’ ಎಂದು ಬರೆಯಬೇಡಿರಿ. ‘ಸ್ಥಳ ನೋಡದೇ ಮಂಜೂರು ಮಾಡಿದರು, ನಮ್ಮ ಅರ್ಜಿಗೆ ಉತ್ತರ ಕೊಡಲಿಲ್ಲ, ಈ ಮಳೆಯಲ್ಲಿ ಇಷ್ಟು ಮನೆಗೆ ನೀರು ಬಂತು’ ಎಂದು ಬರೆಯಿರಿ. ಸಿಟ್ಟಿನಲ್ಲಿ ಬರೆದ ದೂರಿಗಿಂತ ತಾರೀಖು ಹಾಕಿ ಬರೆದ ದೂರಿಗೆ ಕಚೇರಿಗಳು ಹೆಚ್ಚು ಹೆದರುತ್ತವೆ.

ನಮ್ಮ ಕರಾವಳಿಯ ವಿಶೇಷ ಸಂಕಟ ಬೇರೆಯೇ ಇದೆ. ಯಾರು ದೂರು ಕೊಡಬಹುದು ಎಂಬುದು ಬಗೆಹರಿದರೂ ಯಾರ ಮೇಲೆ ಎಂಬುದು ಇಲ್ಲಿ ಬಗೆಹರಿಯುವುದಿಲ್ಲ. ಕಾರವಾರ ಅಂಕೋಲೆಗಳ ಭೂಪಟವನ್ನು ಬದಲಿಸಿದ ದೊಡ್ಡ ನಿರ್ಧಾರಗಳೆಲ್ಲ ದಿಲ್ಲಿಯವು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆ, ಕೈಗಾ ಅಣು ಸ್ಥಾವರ, ಕೊಂಕಣ ರೈಲ್ವೆ, ಗುಡ್ಡ ಕಡಿದು ಅಗಲ ಮಾಡಿದ ರಾಷ್ಟ್ರೀಯ ಹೆದ್ದಾರಿ 66. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಆ ಹೆದ್ದಾರಿಯ ಮೇಲೆ ಗುಡ್ಡವೇ ಕುಸಿದು ಬಂದು, ಚಹದ ಅಂಗಡಿ ಇಟ್ಟುಕೊಂಡ ಕುಟುಂಬವನ್ನೂ ಲಾರಿಯವರನ್ನೂ ನುಂಗಿತು. ಕೇಂದ್ರದ ಹೆದ್ದಾರಿ ಪ್ರಾಧಿಕಾರವು ರಾಜ್ಯದ ಲೋಕಾಯುಕ್ತರ ಕೈಗೆ ಸಿಗುವುದಿಲ್ಲ. ದಿಲ್ಲಿಯಲ್ಲಿ ಲೋಕಪಾಲರಿಲ್ಲವೇ ಎಂದರೆ, 2013ರ ಕಾಯಿದೆಯ ಆ ಲೋಕಪಾಲರು 2019ರಲ್ಲಿ ಕುರ್ಚಿಗೆ ಬಂದರು. ಅವರಿಗೆ ದೂರು ಕೊಡಲೂ ಯಾರಿಗೂ ಅಡ್ಡಿಯಿಲ್ಲ. ಆದರೆ ಅವರು ಕೇಳುವುದು ಭ್ರಷ್ಟಾಚಾರದ ದೂರನ್ನು ಮಾತ್ರ. ಗುಡ್ಡವನ್ನು ತಪ್ಪಾಗಿ ಕಡಿದದ್ದಕ್ಕೆ ಲಂಚದ ಸಾಕ್ಷಿ ಒದಗಿಸಬೇಕಾದವನು ಯಾರು, ಮಣ್ಣಿನಡಿ ಸಿಕ್ಕಿದವನೇ?

ಇಷ್ಟಾದರೂ ಒಂದು ಸೂಕ್ಷ್ಮವನ್ನು ಮರೆಯಬಾರದು. ಯೋಜನೆ ಕೇಂದ್ರದ್ದಾದರೂ ಅದಕ್ಕಾಗಿ ಭೂಮಿ ವಶಪಡಿಸಿಕೊಳ್ಳುವ, ಪರಿಹಾರದ ಕಡತ ಹಿಡಿದುಕೊಂಡು ಕೂಡ್ರುವ ಅಧಿಕಾರಿ ರಾಜ್ಯದ ನೌಕರ. ಅವನ ವಿಳಂಬ ಲೋಕಾಯುಕ್ತರ ಮುಂದೆ ಬರಬಲ್ಲದು. ಹಾಗೆಯೇ ಕಾರವಾರ ಬಂದರದ ವಿಸ್ತರಣೆ, 2023ರಲ್ಲಿ ಖಾಸಗಿ ಕಂಪನಿಗೆ ವಹಿಸಿದ 4,119 ಕೋಟಿ ರೂಪಾಯಿಗಳ ಕೇಣಿ ಬಂದರ, ಇವು ರಾಜ್ಯದ ಬಂದರು ಆಡಳಿತದ ನಿರ್ಧಾರಗಳು. 2020ರ ಜನವರಿಯಲ್ಲಿ ಬೈತಖೋಲದ ಮೀನುಗಾರರು ಟಾಗೋರ್ ಕಡಲತೀರವನ್ನು ಉಳಿಸಲು ಬೀದಿಗಿಳಿದು, ಊರಿಗೆ ಊರೇ ಬಂದ್ ಆಗಿ, ಹೈಕೋರ್ಟಿನಿಂದ ಆಗ ತಡೆ ತಂದರು. ಸಮುದ್ರಕ್ಕೆ ಪಹಣಿ ಎಲ್ಲಿದೆ? ಪಹಣಿ ಕೇಳುವವರ ಲೆಕ್ಕದಲ್ಲಿ ನೂರು ತಲೆಮಾರಿನಿಂದ ಬಲೆ ಬೀಸಿದವನೂ ಕಡಲ ಮಟ್ಟಿಗೆ ‘ಸಂಬಂಧವಿಲ್ಲದ ವ್ಯಕ್ತಿ’.

2006ರ ಪರಿಸರ ಅಧಿಸೂಚನೆ ಇದೇ ಭೇದವನ್ನು ಬೇರೆ ಹೆಸರಿನಿಂದ ಮಾಡುತ್ತದೆ. ಸಾರ್ವಜನಿಕ ಅಹವಾಲು ಸಭೆ ಸ್ಥಳೀಯ ಬಾಧಿತರಿಗಾಗಿ. ಉಳಿದವರು ತಮಗೆ ಸಂಬಂಧವಿದೆಯೆಂದು ಕಾಗದದಲ್ಲಿ ಬರೆದು ಕಳಿಸಬಹುದು. 2025ರ ಆಗಸ್ಟಿನಲ್ಲಿ ಅಂಕೋಲೆಯಲ್ಲಿ ಕೇಣಿ ಬಂದರದ ಅಹವಾಲು ನಡೆದಾಗ ಮೀನುಗಾರರು ದೊಡ್ಡ ಸಂಖ್ಯೆಯಲ್ಲಿ ಬಂದು ಬೇಡವೆಂದರು. 1930ರಲ್ಲಿ ಉಪ್ಪಿನ ಕಾಯಿದೆ ಮುರಿದ ಅಂಕೋಲೆಯವರಿಗೆ, ಕರ ನಿರಾಕರಿಸಿ ಜಮೀನು ಕಳಕೊಂಡವರ ಮೊಮ್ಮಕ್ಕಳಿಗೆ, ‘ನೀವು ಬಾಧಿತರೇ?’ ಎಂದು ಯಾರಾದರೂ ಕೇಳಿದರೆ ಅವರು ಏನೆಂದಾರು!

‘ನೀವು ಅಭಿವೃದ್ಧಿಗೆ ಅಡ್ಡಗಾಲು ಹಾಕುವವರು’ ಎಂದು ನಮ್ಮನ್ನು ಜರೆಯುವ ಪುಢಾರಿಗಳಿದ್ದಾರೆ. ರಸ್ತೆ ಬೇಡ, ಮನೆ ಬೇಡ, ಕೆಲಸ ಬೇಡ ಎಂದು ನಾವು ಎಂದೂ ಹೇಳಿಲ್ಲ. ಕೆಲಸಗಾರನಿಗೆ ಮನೆ ಬೇಕೆಂದು ಈ ಪುಢಾರಿಗಳಿಗಿಂತ ಮೊದಲೇ ಕೂಗಿದವರು ನಾವು. ಮನೆಯನ್ನು ನೀರಿನ ದಾರಿಯಲ್ಲಿ ಕಟ್ಟಬೇಡಿ ಎನ್ನುವುದು ಅಡ್ಡಗಾಲೇ? 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯೇ ಮಹಾಯೋಜನೆಯ ಕರಡನ್ನು ಪ್ರಕಟಿಸಿ, ಸಾರ್ವಜನಿಕರಲ್ಲಿ ಯಾರೇ ಆಗಲಿ ಅರವತ್ತು ದಿನಗಳೊಳಗೆ ಅಭಿಪ್ರಾಯ ಬರೆಯಬಹುದು ಎನ್ನುತ್ತದೆ. ಮಹಾಯೋಜನೆಯಲ್ಲಿ ತೋರಿಸಿದ ಭೂ ಉಪಯೋಗವನ್ನು ಬದಲಿಸುವುದಾದರೆ ವರ್ತಮಾನಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ತಕರಾರು ಕರೆಯಬೇಕು. ಯಾರೂ ಓದದ ಮೂಲೆಯಲ್ಲಿ, ಇರುವೆಯಂಥ ಅಕ್ಷರಗಳಲ್ಲಿ ಆ ಜಾಹೀರಾತು ಬರುತ್ತದೆಂಬುದು ಬೇರೆ ಮಾತು. ಮದುವೆಯ ಜಾಹೀರಾತಿಗೆ ಸಿಗುವ ಜಾಗವೂ ಊರಿನ ಭವಿಷ್ಯಕ್ಕೆ ಸಿಗುವುದಿಲ್ಲ.

ಸಣ್ಣ ವ್ಯಾಪಾರಸ್ಥರಿಗೆ ಒಂದು ಮಾತು. ರಸ್ತೆ ಅಗಲೀಕರಣ, ಮಾರುಕಟ್ಟೆಯ ಸ್ಥಳಾಂತರ, ‘ಸೌಂದರ್ಯೀಕರಣ’ ಎಂಬ ಹೆಸರಿನಲ್ಲಿ ಗೂಡಂಗಡಿಗಳನ್ನು ಎತ್ತಿಸುವುದೂ ಯೋಜನೆಯ ನಿರ್ಧಾರವೇ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಇದ್ದವರನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಚುನಾಯಿತರಾಗಿ ಇರಬೇಕು. ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ತಂಟೆ ತಕರಾರಿಗೆ ನ್ಯಾಯಾಧೀಶರಾಗಿದ್ದವರ ಅಧ್ಯಕ್ಷತೆಯ ಸಮಿತಿಯೇ ಇರಬೇಕು. ನಿಮ್ಮ ಊರಿನಲ್ಲಿ ಆ ಸಮಿತಿಗಳು ಇವೆಯೇ, ಕಡೆಯ ಸಭೆ ಯಾವಾಗ ಆಯಿತು ಎಂದು ನಗರಸಭೆಯನ್ನು ಕೇಳಿ. ಉತ್ತರ ಬಾರದಿದ್ದರೆ ಆ ಮೌನವೇ ದೂರಿನ ವಿಷಯ.

ಲೋಕಾಯುಕ್ತರಿಗೆ ಬರೆದ ಮಾತ್ರಕ್ಕೆ ಲೇಔಟು ಮಾಯವಾಗುತ್ತದೆಂದು ನಾವು ನಂಬಿಸುವುದಿಲ್ಲ. ಅವರು ಲೈಸೆನ್ಸು ರದ್ದು ಮಾಡಲಾರರು, ಶಿಫಾರಸು ಮಾಡಬಲ್ಲರು. ಕುಂದುಕೊರತೆ ನಿಜವೆಂದು ಕಂಡರೆ ಅದನ್ನು ಸರಿಪಡಿಸಲು ಬರೆಯುತ್ತಾರೆ. ಸರಕಾರ ಕೇಳದಿದ್ದರೆ ರಾಜ್ಯಪಾಲರಿಗೆ ವರದಿ ಕೊಡಬಹುದು. ಆಳುವವರಿಗೆ ಈ ಅಷ್ಟು ಅಧಿಕಾರವೂ ಮುಳ್ಳಾಗಿದೆ. 2010ರಲ್ಲಿ ನಮ್ಮದೇ ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರದಲ್ಲಿ ಜಪ್ತು ಮಾಡಿಟ್ಟ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರು ಕಾಣೆಯಾಯಿತು. ಜಪ್ತು ಮಾಡಿದ ಅರಣ್ಯ ಅಧಿಕಾರಿಯನ್ನೇ ಅಮಾನತು ಮಾಡಲು ಸರಕಾರ ಹೊರಟಾಗ ಲೋಕಾಯುಕ್ತ ಸಂತೋಷ ಹೆಗ್ಡೆಯವರು ರಾಜೀನಾಮೆ ಕೊಟ್ಟು ದೇಶವನ್ನೇ ಎಚ್ಚರಿಸಿದರು. ಮರುತಿಂಗಳು ಅದನ್ನು ಹಿಂತೆಗೆದುಕೊಂಡು 2011ರಲ್ಲಿ ಗಣಿ ವರದಿ ಕೊಟ್ಟರು. ಇಂಥ ಸಂಸ್ಥೆಯಿಂದ 2016ರಲ್ಲಿ ಭ್ರಷ್ಟಾಚಾರ ತನಿಖೆಯನ್ನು ಕಿತ್ತು ಬೇರೊಂದು ದಳಕ್ಕೆ ಕೊಟ್ಟರು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನೇ ರದ್ದುಮಾಡಿದ ಮೇಲೆ ಅಧಿಕಾರ ಮರಳಿತು. ಆ ಆರು ವರ್ಷ ಯಾರ ನಿದ್ದೆ ಸುಖವಾಗಿತ್ತೆಂದು ಬಿಡಿಸಿ ಹೇಳಬೇಕೇ?

ನೆರೆಯ ಕೇರಳದಲ್ಲಿ ಪಂಚಾಯತಿ ಮುನಿಸಿಪಾಲಿಟಿಗಳ ಮೇಲಿನ ದೂರಿಗೆಂದೇ ಬೇರೆ ಓಂಬುಡ್ಸ್‌ಮನ್ ಇದ್ದಾನೆ. ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು ಆ ಸ್ಥಾನದಲ್ಲಿ ಕೂಡ್ರುತ್ತಾರೆ. ನಷ್ಟವಾದ ನಾಗರಿಕನಿಗೆ ಪರಿಹಾರ ಕೊಡಿಸುವ, ಲೋಪ ಸರಿಪಡಿಸಲು ಆಜ್ಞೆ ಮಾಡುವ ಅಧಿಕಾರ ಅವರಿಗಿದೆ. ಕಾಸರಗೋಡಿನ ನಮ್ಮ ಕನ್ನಡಿಗ ಬಂಧುಗಳಿಗೆ ಆ ಬಾಗಿಲು ಇದೆ. ಕಾರವಾರದ ಕನ್ನಡಿಗರಿಗೆ ಯಾಕಿಲ್ಲ? ಪಂಚಾಯತಿ, ನಗರಸಭೆ, ಪ್ರಾಧಿಕಾರಗಳ ಯೋಜನಾ ನಿರ್ಧಾರಗಳನ್ನು ವಿಚಾರಿಸಲು ಕರ್ನಾಟಕದಲ್ಲಿಯೂ ಅಂಥ ಅಧಿಕಾರಸ್ಥಾನ ಬೇಕು. ಬಾಡಿಗೆದಾರ, ಕೂಲಿಕಾರ, ಮೀನುಗಾರ, ಬೀದಿ ವ್ಯಾಪಾರಿ ಮತ್ತು ಅವರ ಸಂಘಗಳು ದೂರು ಕೊಡಬಹುದೆಂದು ಅದರ ಕಾಯಿದೆಯಲ್ಲಿ ಹೆಸರು ಹಿಡಿದೇ ಬರೆಯಬೇಕು. ಮುಂದಿನ ಚುನಾವಣೆಯಲ್ಲಿ ಓಟು ಕೇಳಲು ಕೇರಿಗೆ ಬರುವ ಪ್ರತಿಯೊಬ್ಬ ಧುರೀಣನಿಂದಲೂ ಇದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಪಡೆಯಿರಿ.

ಅಲ್ಲಿಯ ತನಕ ಇರುವ ಬಾಗಿಲನ್ನೇ ಬಡಿಯೋಣ. ಹತ್ತು ರೂಪಾಯಿ ಕಟ್ಟಿ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಮಂಜೂರಿ ಆದೇಶ, ನಕ್ಷೆ, ಸ್ಥಳ ಪರಿಶೀಲನೆಯ ವರದಿ, ಪಂಚಾಯತಿಯ ಠರಾವು ಇವುಗಳ ನಕಲು ಕೇಳಿ. ಮೂವತ್ತು ದಿನದೊಳಗೆ ಕೊಡಬೇಕು. ಮೊದಲು ಪಂಚಾಯತಿಗೆ ಅಥವಾ ನಗರಸಭೆಗೆ ಬರೆದ ತಕರಾರಿನ ಸ್ವೀಕೃತಿ ಇಟ್ಟುಕೊಳ್ಳಿ. ಲೋಕಾಯುಕ್ತರ ದೂರನ್ನು ಗೊತ್ತುಪಡಿಸಿದ ನಮೂನೆಯಲ್ಲಿ, ಪ್ರಮಾಣಪತ್ರದ ಸಹಿತ ಕೊಡಬೇಕು. ಬರಿಯ ಬಿಳಿ ಹಾಳೆಯ ಅರ್ಜಿ ಸಾಲದು. ನೀರು ನಿಂತ ಮನೆಗಳವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಕಷ್ಟ ಬರೆದರೆ ‘ನೀನ್ಯಾರು’ ಎಂದು ಕೇಳಲು ಎಡೆಯೇ ಉಳಿಯುವುದಿಲ್ಲ. ನಮೂನೆ ತುಂಬಲು ಬಾರದವರು ಭಾನುವಾರ ಸಂತೆಗೆ ಬಂದಾಗ ನಮ್ಮ ಕಚೇರಿಗೆ ಬರಲಿ. ಪಹಣಿ ತರುವ ಅಗತ್ಯವಿಲ್ಲ. ಮೊದಲ ಲಾರಿ ಬಂದ ತಾರೀಖು ಯಾವುದೆಂದು ನೆನಪಿಟ್ಟು ತನ್ನಿ.